ಹತ್ತು ತಿಂಗಳ ಮಗುವಿಗೆ ದೊಡ್ಡಪತ್ರೆ-ಜೇನು, ಮಾವನವರಿಗೆ ದ್ರಾಕ್ಷಾರಿಷ್ಟ: ಕೊಡಬಹುದಾ?

ಶಿಡ್ಲಘಟ್ಟದ ಸೊಸೆ:
ಈ ಸಲ ಚಳಿ ಜಾಸ್ತಿ, ಮನೆಮಂದಿಗೆಲ್ಲ ನೆಗಡಿ. ಮಗಳಿಗೆ ಹತ್ತು ತಿಂಗಳು, ಮೂಗು ಕಟ್ಟಿ ರಾತ್ರಿ ನಿದ್ದೆಯೇ ಇಲ್ಲ. ದೊಡ್ಡಪತ್ರೆ ಎಲೆ ಬಾಡಿಸಿ ರಸ ಹಿಂಡಿ ಜೇನಲ್ಲಿ ನೆಕ್ಕಿಸೋಣ, ಎದೆಗೆ ಕರ್ಪೂರ ಹಾಕಿ ಕಾಯಿಸಿದ ಕೊಬ್ಬರಿ ಎಣ್ಣೆ ಹಚ್ಚೋಣ ಅಂತಾರೆ ಅತ್ತೆ. ಮಾವನವರಿಗೆ ಶುಗರ್ ಇದೆ, ಆದರೂ ದ್ರಾಕ್ಷಾರಿಷ್ಟ, ಚ್ಯವನಪ್ರಾಶ ಎರಡೂ ತರಿಸಿಕೊಂಡು ಕೂತಿದ್ದಾರೆ. ಯಾರಿಗೆ ಏನು ಹೇಳಲಿ?

ಕೋಲಾರ ಮೆಡಿಕಲ್ ಶಾಪ್:
ಜೇನು ಬೇಡವೇ ಬೇಡ ತಾಯಿ. ಒಂದು ವರ್ಷ ತುಂಬುವವರೆಗೆ ಒಂದು ಹನಿಯೂ ಬೇಡ. ಜೇನಲ್ಲಿ ಬೊಟುಲಿಸಂ (ನರಗಳ ಶಕ್ತಿ ಕುಂದಿಸುವ ವಿಷಬಾಧೆ) ತರುವ ಬ್ಯಾಕ್ಟೀರಿಯಾದ ಬೀಜಾಣು ಇರಬಹುದು, ಮನೆಯಲ್ಲಿ ಕಾಯಿಸಿದರೂ ಅದು ಸಾಯುವುದಿಲ್ಲ, ಎಳೆ ಮಗುವಿನ ಕರುಳಿಗೆ ಅದನ್ನು ತಡೆಯುವ ಶಕ್ತಿ ಇರುವುದಿಲ್ಲ. ವರ್ಷ ದಾಟಿದ ಮಕ್ಕಳ ಕೆಮ್ಮಿಗೆ ಮಾತ್ರ ಜೇನು ನಿಜಕ್ಕೂ ಒಳ್ಳೆಯದು, ಅತ್ತೆಯವರ ನಂಬಿಕೆ ಪೂರ್ತಿ ಸುಳ್ಳೇನಲ್ಲ. ಕರ್ಪೂರವೂ ಎರಡು ವರ್ಷದೊಳಗೆ ಬೇಡ, ಹೊಟ್ಟೆಗೆ ಹೋದರೆ ಫಿಟ್ಸ್ ಬರಬಹುದು. ಕೆಮ್ಮಿನ ಸಿರಪ್ಪೂ ಬೇಡ: ಎರಡು ವರ್ಷದೊಳಗಿನವರಿಗೆ ಬರೆಯಬೇಡಿ ಅಂತ 2025ರ ಅಕ್ಟೋಬರ್‌ನಲ್ಲಿ ಕೇಂದ್ರ ಆರೋಗ್ಯ ಇಲಾಖೆಯೇ ಹೇಳಿದೆ. ಮೂಗಿಗೆ ಸಲೈನ್ ಹನಿ, ಅಂದರೆ ಅಂಗಡಿಯಲ್ಲಿ ಸಿಗುವ ಉಪ್ಪುನೀರಿನ ಹನಿ ಸಾಕು. ಉಸಿರು ಜೋರಾದರೆ, ಹಾಲು ಕುಡಿಯದಿದ್ದರೆ ಡಾಕ್ಟರ್ ಹತ್ತಿರ ಓಡಿ, ಇಲ್ಲಿ ಕೇಳುತ್ತಾ ಕೂರಬೇಡಿ.

ಮಾವನವರ ವಿಷಯ: ಅರಿಷ್ಟ ಅಂದರೆ ಬೆಲ್ಲ ಹಾಕಿ ಹುದುಗು ಬರಿಸಿದ್ದು, ತಾನಾಗಿಯೇ ಹುಟ್ಟಿದ ಆಲ್ಕೋಹಾಲ್ ಇದ್ದೇ ಇರುತ್ತದೆ, ಲೇಬಲ್ ಓದಿ. ಚ್ಯವನಪ್ರಾಶದಲ್ಲಿ ಸಕ್ಕರೆ ಧಾರಾಳ. ಬೆಚ್ಚಗೆ ಅನಿಸುವುದಕ್ಕೆ ಕಾರಣ ಏನು ಅಂತ ಅವರಿಗೂ ಗೊತ್ತು ಬಿಡಿ.

ತುಮಕೂರಿನ ಹಳೇ ಬಾಟಲಿ:
ನಮ್ಮ ಕಾಲದ ಕೆಂಪು ಲೇಬಲ್ ವಾಟರ್‌ಬರೀಸ್ ಕಾಂಪೌಂಡ್ ನೆನಪಾಯಿತು. ಆ ಟಾನಿಕ್ಕಿನ ಹೊಗೆ ವಾಸನೆ ಮರದ ಟಾರಿನಿಂದ ತೆಗೆಯುವ ಕ್ರಿಯೊಸೋಟ್‌ದು. ಮೀನೆಣ್ಣೆಯಲ್ಲಾದರೂ ಎ, ಡಿ ವಿಟಮಿನ್ ಇತ್ತು, ಉಳಿದ ಟಾನಿಕ್‌ಗಳಲ್ಲಿ ಬಹಳಷ್ಟು ಸಿಹಿ ಮತ್ತು ಧೈರ್ಯ ಅಷ್ಟೇ! 1893ರಲ್ಲಿ ಶುರುವಾದ ಅಮೃತಾಂಜನವನ್ನು ಮಾತ್ರ ನಾನು ಬಿಡುವುದಿಲ್ಲ, ತಲೆನೋವಿಗೆ ಇವತ್ತೂ ಅದೇ.

ಚಿಂತಾಮಣಿ ಅಡುಗೆಮನೆ:
ಮಾವನವರಿಗೆ ಹುರುಳಿ ಕಟ್ಟಿನ ಸಾರು ಮಾಡಿಕೊಡಿ ಅಕ್ಕಾ. ಹುರುಳಿ ನೆನೆಸಿ ಬೇಯಿಸಿ ಕಟ್ಟು ಬಸಿದುಕೊಳ್ಳಿ. ಒಂದು ಹಿಡಿ ಬೆಂದ ಕಾಳಿನ ಜೊತೆ ಮೆಣಸು, ಜೀರಿಗೆ, ಬೆಳ್ಳುಳ್ಳಿ, ಸ್ವಲ್ಪ ಹುಣಸೆ ರುಬ್ಬಿ ಅದಕ್ಕೆ ಹಾಕಿ ಕುದಿಸಿ, ಇಂಗು-ಕರಿಬೇವಿನ ಒಗ್ಗರಣೆ ಕೊಡಿ. ಬಿಸಿ ಮುದ್ದೆ ಜೊತೆ ಉಂಡರೆ ಮೂಗಲ್ಲಿ ನೀರು ಸುರಿದು ಕಟ್ಟಿದ್ದು ಬಿಡುತ್ತದೆ. ಮುದ್ದೆ ಚಿಕ್ಕದಿರಲಿ, ಶುಗರ್ ಅಂದಿರಲ್ವಾ.

ಶಿಡ್ಲಘಟ್ಟದ ಸೊಸೆ:
ಜೇನು ಎತ್ತಿಟ್ಟೆ. "ನಿನ್ನ ಗಂಡನಿಗೆ ನೆಕ್ಕಿಸಿಯೇ ಬೆಳೆಸಿದ್ದು" ಅಂತ ಅತ್ತೆ ಮುಖ ಊದಿಸಿಕೊಂಡಿದ್ದಾರೆ. ಸಲೈನ್ ಯಾವಾಗ ಹಾಕಬೇಕು?

ಕೋಲಾರ ಮೆಡಿಕಲ್ ಶಾಪ್:
ಹಾಲು ಕುಡಿಸುವ ಮುಂಚೆ, ಮಲಗಿಸುವ ಮುಂಚೆ, ಪ್ರತಿ ಹೊಳ್ಳೆಗೆ ಒಂದೆರಡು ಹನಿ. ಬರೀ ಸಲೈನ್ ಅಂತ ಕೇಳಿ ತೊಗೊಳ್ಳಿ, ದೊಡ್ಡವರ ಮೂಗಿನ ಡ್ರಾಪ್ಸ್ ಕೊಟ್ಟರೆ ವಾಪಸ್ ಕೊಡಿ.