ಪಲ್ಲು ಪುಳಿಪ್ಪ್: ಕನ್ನಡದಲ್ಲಿ ಏನು? (ಕರಪತ್ರ ಶನಿವಾರ ಅಚ್ಚಿಗೆ)

ನೀರ್ಚಾಲಿನಿಂದ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಅರ್ಜೆಂಟ್ ಉಂಟು. ನಮ್ಮ ಕಾಸರಗೋಡಿನಲ್ಲಿ ಹಲ್ಲುನೋವಿನ ಬಗ್ಗೆ ಒಂದು ಕರಪತ್ರ ತಯಾರಾಗುತ್ತಿದೆ. ಹಲ್ಲಿನ ಡಾಕ್ಟರ ಹತ್ತಿರ ಹೋಗುವವರೆಗೆ ಮನೆಯಲ್ಲಿ ಎಂತ ಮಾಡಬಹುದು, ಎಂತ ಮಾಡಲೇಬಾರದು ಅಂತ. ಮಲಯಾಳದ್ದು ಆಗಲೇ ಹಂಚಿಯಾಗಿದೆ. ಕನ್ನಡದ್ದು ನನ್ನ ತಲೆಗೆ ಬಂತು, ಶನಿವಾರ ಮಧ್ಯಾಹ್ನದೊಳಗೆ ಪ್ರೆಸ್ಸಿಗೆ ಹೋಗಬೇಕು.

ಯಾರೋ ಮೊದಲೇ ಮಾಡಿಟ್ಟ ಕರಡಿನಲ್ಲಿ "ಹಲ್ಲು ಹುಳಿ ಇರುವವರು ಮೆದು ಬ್ರಶ್ ಬಳಸಿ" ಅಂತ ಉಂಟು. ಓದಿದವರೆಲ್ಲ ಹುಳುಕು ಹಲ್ಲು ಅಂತಲೇ ತಿಳಿದರು. ಮೂಲದಲ್ಲಿರುವುದು "ಪಲ್ಲು ಪುಳಿಪ್ಪ್". ಐಸ್‌ಕ್ರೀಮೋ ಬಿಸಿ ಚಹಾವೋ ತಾಗಿದ ಕೂಡಲೇ ನೆತ್ತಿಗೆ ಹತ್ತಿ ಇಳಿಯುತ್ತದಲ್ಲ, ಅದು.

ಎರಡನೆಯದು: ಮಕ್ಕಳು ಬಿದ್ದು ಹಲ್ಲು ಬೇರುಸಮೇತ ಕಿತ್ತುಬಂದರೆ "ಹಲ್ಲಿನ ಕಿರೀಟ ಹಿಡಿದು ಎತ್ತಿ" ಅಂತ ಕರಡು ಹೇಳುತ್ತದೆ. ಮೂಲದಲ್ಲಿ "ಮಕುಟಂ". ಕಿರೀಟ ಅಂದರೆ ನಮ್ಮ ಜನ ಡಾಕ್ಟರು ಕೂರಿಸುವ ಕ್ಯಾಪ್ ಅಂದುಕೊಳ್ಳುತ್ತಾರೆ. ಮೂರನೆಯದು: ವಸಡೋ ಒಸಡೋ? ಕರಡಿನಲ್ಲಿ ಎರಡೂ ಇದೆ, ಒಂದು ಕಡೆ ಮಲಯಾಳದ "ಮೋಣ" ಅಂತಲೇ ಬಿಟ್ಟಿದ್ದಾರೆ.

ಕುಂಬಳೆಯಿಂದ:

ದಂತಹರ್ಷ. ಸುಶ್ರುತಸಂಹಿತೆಯಲ್ಲಿ ಹಲ್ಲಿನ ರೋಗಗಳನ್ನು ಎಣಿಸುವಲ್ಲೇ ಇದೆ: ದಾಲನ, ಕೃಮಿದಂತಕ, ದಂತಹರ್ಷ, ಭಂಜನಕ, ದಂತಶರ್ಕರಾ, ಕಪಾಲಿಕಾ, ಶ್ಯಾವದಂತಕ, ಹನುಮೋಕ್ಷ. ಹಲ್ಲು ಸ್ಪರ್ಶವನ್ನು ತಾಳದಿರುವುದೇ ದಂತಹರ್ಷ. ಶಾಸ್ತ್ರದಲ್ಲಿ ಪದ ಸಿದ್ಧವಾಗಿರುವಾಗ ಹೊಸತನ್ನು ಹುಡುಕುವ ಚಪಲ ಯಾಕೆ ಎಂದು ತಿಳಿಯುವುದಿಲ್ಲ. ವಸಡು ಎಂದೇ ಬರೆಯಿರಿ. ಮುಗಿಯಿತು.

ಉಪ್ಪಳದಿಂದ (ಈಗ ಬೆಂಗಳೂರು):

ಹಲ್ಲಿಗೆ ಹರ್ಶ ಆದರೆ ಡಾಕ್ಟರ ಹತ್ತಿರ ಯಾಕೆ ಹೋಗಬೇಕು ಮಾಶ್ಟ್ರೇ? ಸಂಸ್ಕ್ರುತ ತುರುಕುವ ಚಾಳಿ ಇನ್ನೂ ಬಿಟ್ಟಿಲ್ಲ. ಕನ್ನಡದ್ದೇ ಒರೆ (ಪದ) ಕಟ್ಟೋಣ: ಹಲ್ಜುಮ್ಮು. ಹುಳುಕಿಗೆ ಹಲ್ಕೊರೆ. ಕಿರೀಟಕ್ಕೆ ಹಲ್ಮುಡಿ.

ಕುಂಬಳೆಯಿಂದ:

ರೋಮಹರ್ಷ ಕೇಳಿದ್ದೀರಾ? ಹರ್ಷವೆಂದರೆ ನವಿರೇಳುವುದು ಎಂಬ ಅರ್ಥವೂ ಉಂಟು. ಮಹಾಪ್ರಾಣ ಬಿಟ್ಟವರಿಗೆ ಷಕಾರವೂ ಕೈಬಿಟ್ಟಿತೆಂದು ಕಾಣುತ್ತದೆ. ಹಲ್ಮುಡಿ ಎಂದರೆ ಹಲ್ಲಿನಲ್ಲಿ ಕೂದಲು ಬೆಳೆದಿದೆಯೋ?

ನೀರ್ಚಾಲಿನಿಂದ:

ಮಾಷ್ಟ್ರೇ, ಪದ ಸರಿಯೇ ಇರಬಹುದು. ಇದನ್ನು ಓದುವವರು ಕೆನ್ನೆಗೆ ಕೈ ಕೊಟ್ಟು ಕೂತವರು. ನಿಮ್ಮ ಪಟ್ಟಿಯಿಂದಲೇ ಇನ್ನೊಂದು ತೆಗೆದು "ದಂತಶರ್ಕರಾ" ಅಂತ ಹಾಕಿದರೆ ಸಕ್ಕರೆ ಕಾಯಿಲೆಯವರೆಲ್ಲ ಬಂದು ಸಾಲು ನಿಲ್ಲುತ್ತಾರೆ. ಶರ್ಕರ ಅಂದರೆ ಅಲ್ಲಿ ಕಲ್ಲುಮರಳು ಅಂತ ಯಾರು ವಿವರಿಸುವುದು? ಉಪ್ಪಳದಣ್ಣ, ನಿಮ್ಮ ಹಲ್ಕೊರೆಯೂ ಅಷ್ಟೇ, ಅಡಿಟಿಪ್ಪಣಿ ಬೇಕಾಗುತ್ತದೆ. ನನಗೆ ಇರುವುದು ಒಂದು ಹಾಳೆ, ಎರಡು ಮಗ್ಗುಲು.

ಪೆರ್ಲದಿಂದ:

ಗೊಂದಲದ ಬೇರು ಬೇರೆ ಕಡೆ ಇದೆ. ಮಲಯಾಳದಲ್ಲಿ ಪುೞು ಎಂದರೆ ಹುಳ, ಪುಳಿ ಎಂದರೆ ಹುಳಿ. ಎರಡಕ್ಕೂ ಬೇರೆ ಬೇರೆ ಅಕ್ಷರ, ಬೇರೆ ಬೇರೆ ಉಚ್ಚಾರ. ಹಳಗನ್ನಡದಲ್ಲಿ ನಮಗೂ ಹಾಗೆಯೇ ಇತ್ತು, ಪುೞು ಮತ್ತು ಪುಳಿ. ಆಮೇಲೆ ೞಕಾರ ಹೋಗಿ ಳಕಾರದಲ್ಲಿ ಸೇರಿಕೊಂಡಿತು, ಪಕಾರ ಹಕಾರವಾಯಿತು. ಉಳಿದದ್ದು ಹುಳು, ಹುಳಿ. ಹುಳುಕು ಹುಟ್ಟಿದ್ದು ಹುಳುವಿನ ಮನೆಯಲ್ಲಿ. ಆದ್ದರಿಂದ "ಹಲ್ಲು ಹುಳಿ" ಎಂದು ಬರೆದವರನ್ನು ಬೈಯುವ ಮೊದಲು ೞಕಾರವನ್ನು ಕಳೆದುಕೊಂಡ ನಮ್ಮ ಹಿರಿಯರನ್ನು ಬೈಯಿರಿ. ಕುಂದಾದ್ರಿ ಬೆಟ್ಟದಷ್ಟು ದೊಡ್ಡ ನಿಘಂಟುಗಳಿದ್ದರೂ ಈ ಒಂದು ಅಕ್ಷರದ ನಷ್ಟವನ್ನು ಯಾರೂ ತುಂಬಿಕೊಡಲಿಲ್ಲ.

ಉಪ್ಪಳದಿಂದ:

ಕೇಳಿದ್ದು ಒಂದು ಒರೆ. ಸಿಕ್ಕಿದ್ದು ೞ ಪುರಾಣ.

ಅಕ್ಕಲಕೋಟದಿಂದ:

ಶರಣ್ರಿ. ನಮ್ಮ ಕಡೆ ಹುಣಸಿಕಾಯಿ ತಿಂದ್ರ "ಹಲ್ಲು ಚಳಿತಾವ" ಅಂತೀವಿ. ಸುತ್ತ ಮರಾಠಿಯವರು "ದಾತ ಆಂಬಣೇ" ಅಂತಾರ. ಆಂಬಣೇ ಅಂದ್ರೂ ಹುಳಿ ಆಗೋದೇ. ಅಂದ್ರ ನಿಮ್ಮ ಮಲಯಾಳಿಗಳು ಮತ್ತ ನಮ್ಮ ಮರಾಠಿಗರು ಒಂದs ದಾರಿ ಹಿಡದಾರ. ಕನ್ನಡದಾಗ ಚಳಿ ಅನ್ನೋ ಕ್ರಿಯಾಪದ ಗಟ್ಟಿಯಾಗಿ ಐತಿ, ಅದನ್ನ ಬಿಟ್ಟು ಜುಮ್ಮು ಗಿಮ್ಮು ಯಾಕ?

ತಾಳವಾಡಿಯಿಂದ:

ನಮ್ಮಲ್ಲಿ ತಮಿಳು ಬೋರ್ಡಿನಲ್ಲಿ "ಪಲ್ ಕೂಚ್ಚಂ" ಅಂತ ಬರೆದಿರುತ್ತಾರೆ. ಕೂಚ್ಚಂ ಅಂದರೆ ಸಂಕೋಚ, ನಾಚಿಕೆ, ಕಚಗುಳಿ. ಒಬ್ಬರ ಹಲ್ಲಿಗೆ ಹರ್ಷ, ಇನ್ನೊಬ್ಬರ ಹಲ್ಲಿಗೆ ನಾಚಿಕೆ. ಮನೆಯಲ್ಲಿ ನಾವು ಕನ್ನಡ ಮಾತಾಡುವವರು "ಹಲ್ಲು ಜುಂ ಅಂತದೆ" ಅನ್ನುವುದು, ಬೇರೇನೂ ಇಲ್ಲ.

ಮಡಕಶಿರಾದಿಂದ:

ಇಲ್ಲೂ ಅದೇ. ತೆಲುಗಿನವರು ಜಿವ್ವುಮನ್ನುತ್ತದೆ ಅಂತಾರೆ, ನಾವು ಜುಮ್ಮಂತದೆ ಅಂತೀವಿ. ಜುಮ್ಮು ತೆಲುಗಿಂದ ಬಂತು ಅಂತ ಯಾರೂ ಜಗಳಕ್ಕೆ ಬರಬೇಡಿ. ಅದು ಅನುಕರಣ ಶಬ್ದ, ಯಾರಪ್ಪನ ಆಸ್ತಿಯೂ ಅಲ್ಲ.

ಮಂಜೇಶ್ವರದಿಂದ:

ನಾನು ಹಲ್ಲಿನ ಡಾಕ್ಟರು, ಭಾಷೆಯವನಲ್ಲ. ಆದರೆ ಪದ ಆರಿಸುವ ಮೊದಲು ಅದು ಯಾವುದನ್ನು ಯಾವುದರಿಂದ ಬೇರೆ ಮಾಡಬೇಕು ಅಂತ ನೋಡಿ. ತಂಪು ತಾಗಿ ಜುಂ ಅಂದು ಕೂಡಲೇ ನಿಂತರೆ ಒಂದು ಸಂಗತಿ. ಹಲ್ಲಿನ ಹೊರಪದರ, ಅಂದರೆ ಎನಾಮೆಲ್, ಸವೆದಿರುತ್ತದೆ ಅಥವಾ ವಸಡು ಕೆಳಗಿಳಿದು ಒಳಪದರ ಬಯಲಾಗಿರುತ್ತದೆ. ಮೆದು ಬ್ರಶ್, ಪೊಟ್ಯಾಸಿಯಂ ನೈಟ್ರೇಟ್ ಇರುವ ಪೇಸ್ಟ್, ಉಮಿಕರಿ (ಭತ್ತದ ಹೊಟ್ಟು ಸುಟ್ಟ ಮಸಿ) ಹಾಕಿ ತಿಕ್ಕುವುದನ್ನು ಬಿಡುವುದು, ಇಷ್ಟರಲ್ಲಿ ಕೆಲವು ವಾರದೊಳಗೆ ಕಡಿಮೆಯಾಗಬಹುದು. ಆಗದಿದ್ದರೆ ತೋರಿಸಬೇಕು. ತಂಪು ಹೋದ ಮೇಲೂ ನೋವು ನಿಂತುಕೊಂಡು, ಮಿಡಿಯುತ್ತಾ, ರಾತ್ರಿ ನಿದ್ದೆಯಿಂದ ಎಬ್ಬಿಸಿದರೆ ಅದು ಬೇರೆ. ಒಳಗಿನ ನರಕ್ಕೆ ತಾಗಿದೆ. ಅದಕ್ಕೆ ಪೇಸ್ಟು ಸಾಲದು. "ಚಳಿತು", "ಜುಂ" ಎರಡೂ ನನಗೆ ಆಗಬಹುದು, ಎರಡೂ ಕ್ಷಣದ್ದನ್ನೇ ಹೇಳುತ್ತವೆ. "ಹಲ್ಲು ಬೇನೆ" ಅಂತ ಹಾಕಿದರೆ ಎರಡೂ ಕಲಸಿಹೋಗುತ್ತವೆ.

ಹುಳುಕು ಇರಲಿ. ರೋಗಿಗಳು ಬರುವುದೇ ಆ ಪದ ಹಿಡಿದುಕೊಂಡು. ಆದರೆ ಒಂದು ಸಾಲು ಸೇರಿಸಿ: ಹಲ್ಲಿನಲ್ಲಿ ಹುಳ ಇರುವುದಿಲ್ಲ. ಬೀಜದ ಹೊಗೆ ಹಿಡಿಸಿ, ಬಿಳಿ ಎಳೆ ತೋರಿಸಿ "ಇದೇ ನೋಡಿ ಹುಳ" ಅನ್ನುವವರು ತೋರಿಸುವುದು ಹೊಗೆಗೆ ಹಾಕಿದ ಬೀಜದ್ದೇ ಮೊಳಕೆ. ಹಲ್ಲಿಗೆ ಅಂಟಿದ ಪಾಚಿಯಲ್ಲಿರುವ ಬ್ಯಾಕ್ಟೀರಿಯಾ ನಾವು ತಿಂದ ಸಿಹಿಯಿಂದ ಆಮ್ಲ ಮಾಡುತ್ತವೆ, ಪಿಎಚ್ (ಹುಳಿಯ ಅಳತೆ, ಇಳಿದಷ್ಟೂ ಹುಳಿ ಹೆಚ್ಚು) 5.5ರ ಸುಮಾರಿಗಿಂತ ಕೆಳಗೆ ಹೋದರೆ ಎನಾಮೆಲ್ ಕರಗಲು ತೊಡಗುತ್ತದೆ. ಹಾಗೆ ನೋಡಿದರೆ ಹಲ್ಲು ಹಾಳು ಮಾಡುವುದು ಹುಳು ಅಲ್ಲ, ಹುಳಿ. ಪೆರ್ಲದವರಿಗೆ ಖುಷಿಯಾಗಬಹುದು.

ಕಿತ್ತುಬಂದ ಹಲ್ಲಿನ ಭಾಗವೇ ಈ ಕರಪತ್ರದಲ್ಲಿ ಅತಿ ಮುಖ್ಯ, ದಯವಿಟ್ಟು ಅಲ್ಲಿ ಪಾಂಡಿತ್ಯ ಬೇಡ. ಬಾಯಿಯಲ್ಲಿ ಕಾಣುವ ಬಿಳಿ ಭಾಗವನ್ನು ಹಿಡಿಯಬೇಕು. ಬೇರನ್ನು ಮುಟ್ಟಬಾರದು, ತಿಕ್ಕಬಾರದು, ಬಟ್ಟೆಯಲ್ಲಿ ಒರೆಸಬಾರದು. ಕೊಳೆ ಹಿಡಿದಿದ್ದರೆ ಹಾಲಿನಲ್ಲೋ ನೀರಿನಲ್ಲೋ ಹತ್ತು ಸೆಕೆಂಡು ತೊಳೆದರೆ ಸಾಕು. ಸಾಧ್ಯವಾದರೆ ಅಲ್ಲೇ ಗುಳಿಯಲ್ಲಿ ಕೂರಿಸಿ, ಬಟ್ಟೆ ಕಚ್ಚಿಸಿ ಕರೆದುಕೊಂಡು ಬನ್ನಿ. ಆಗದಿದ್ದರೆ ಹಾಲಿನಲ್ಲಿ ಹಾಕಿ ತನ್ನಿ, ಒಣಗಲು ಬಿಡಬೇಡಿ. ಒಂದು ಗಂಟೆಯೊಳಗೆ ತಲುಪಬೇಕು, ಅರ್ಧ ಗಂಟೆಯಾದರೆ ಇನ್ನೂ ಒಳ್ಳೆಯದು. ಇದು ಶಾಶ್ವತ ಹಲ್ಲಿಗೆ ಮಾತ್ರ. ಹಾಲುಹಲ್ಲನ್ನು ವಾಪಸು ಕೂರಿಸಬಾರದು, ಒಳಗೆ ಬರುತ್ತಿರುವ ಹಲ್ಲಿಗೆ ಪೆಟ್ಟಾಗುತ್ತದೆ. "ಹಾಲಿನಲ್ಲಿ ಹಲ್ಲು", "ಹಾಲುಹಲ್ಲು" ಅಕ್ಕಪಕ್ಕದ ಸಾಲಿನಲ್ಲಿ ಬಂದರೆ ಓದುವವರಿಗೆ ತಲೆ ಕೆಡುತ್ತದೆ. ದೂರ ದೂರ ಇಡಿ, ಅಥವಾ "ಆರು ವರ್ಷಕ್ಕಿಂತ ಚಿಕ್ಕ ಮಕ್ಕಳ ಹಲ್ಲು" ಅನ್ನಿ.

ನೀರ್ಚಾಲಿನಿಂದ:

ಡಾಕ್ಟ್ರೇ, ಬಹಳ ಉಪಕಾರವಾಯಿತು. ಲವಂಗದೆಣ್ಣೆಯ ಸಾಲನ್ನೂ ಒಮ್ಮೆ ನೋಡಿ. ಕರಡಿನಲ್ಲಿ "ಗ್ರಾಂಬೂ ತೈಲ ಹಲ್ಲಿಗೆ ಹಚ್ಚಿ" ಅಂತ ಅರ್ಧ ಮಲಯಾಳ, ಅರ್ಧ ಸಂಸ್ಕೃತ.

ಮಂಜೇಶ್ವರದಿಂದ:

ಲವಂಗದೆಣ್ಣೆ ಅಂತ ಬರೆಯಿರಿ. ಹತ್ತಿಯ ತುದಿಗೆ ಸ್ವಲ್ಪ ತಾಗಿಸಿ ನೋವಿರುವ ಹಲ್ಲಿಗೆ ಮಾತ್ರ. ವಸಡಿಗೆ, ನಾಲಗೆಗೆ ತಾಗಿದರೆ ಸುಡುತ್ತದೆ. ಚಿಕ್ಕ ಮಕ್ಕಳಿಗೆ ಬೇಡವೇ ಬೇಡ. ಅದರಲ್ಲಿರುವ ಯೂಜೆನಾಲ್ ಮರಗಟ್ಟಿಸುತ್ತದೆ ಅಷ್ಟೇ, ಗುಣ ಮಾಡುವುದಿಲ್ಲ. ಆಸ್ಪಿರಿನ್ ಮಾತ್ರೆಯನ್ನು ವಸಡಿನ ಮೇಲೆ ಇಟ್ಟುಕೊಳ್ಳುವವರು ಈಗಲೂ ಇದ್ದಾರೆ, ಚರ್ಮ ಬೆಂದು ಬೆಳ್ಳಗಾಗಿ ಬರುತ್ತಾರೆ. ಅದನ್ನು ದೊಡ್ಡ ಅಕ್ಷರದಲ್ಲಿ ಹಾಕಿ. ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು, ಮುಕ್ಕಳಿಸಿ ಉಗುಳುವುದು. ಕೆನ್ನೆ ಊದಿದ್ದರೆ ಹೊರಗಿನಿಂದ ತಂಪು ಬಟ್ಟೆ, ಶಾಖ ಬೇಡ. ಊತ ಕಣ್ಣಿನ ಕಡೆಗೋ ಕುತ್ತಿಗೆಗೋ ಹರಡಿದರೆ, ಜ್ವರ ಬಂದರೆ, ಬಾಯಿ ಬಿಡಲು, ನುಂಗಲು, ಉಸಿರಾಡಲು ಕಷ್ಟವಾದರೆ ಮನೆಮದ್ದಿನ ಮಾತೇ ಇಲ್ಲ, ಕೂಡಲೇ ಆಸ್ಪತ್ರೆಗೆ.

ಉಪ್ಪಳದಿಂದ:

ಎಲ್ಲ ಸರಿ. ಆದರೆ ಪುಳಿಪ್ಪನ್ನು ಹುಳಿ ಎಂದು ತಂದರೆ ಕಾಸರಗೋಡಿನ ಕನ್ನಡ ಮಲಯಾಳದ ನೆರಳಾಗುತ್ತದೆ. ಕಾಸರಗೋಡು ಕೇರಳಕ್ಕೆ ಸೇರಿದ 1956ರಿಂದ ಇದೇ ಆಗುತ್ತಾ ಬಂದಿದೆ. ಬೋರ್ಡು ಅವರದು, ಅರ್ಜಿ ಅವರದು, ಕೊನೆಗೆ ಹಲ್ಲೂ ಅವರದು.

ಪೆರ್ಲದಿಂದ:

ಪುಳಿ ನಮ್ಮದೇ ಮಾರಾಯ್ರೇ. ಬೇಸಗೆಯಲ್ಲಿ ಪುನರ್ಪುಳಿ ಶರಬತ್ತು ಕುಡಿಯುವಾಗ ಅದು ಮಲಯಾಳ ಅಂತ ಲೋಟ ಕೆಳಗಿಡುತ್ತೀರಾ? ತುಳುವಿನಲ್ಲಿಯೂ ಪುಳಿ. ನೆರೆಯವರಲ್ಲಿ ಉಳಿದುಕೊಂಡ ಪಕಾರ ನಮ್ಮಲ್ಲಿ ಹೋಯಿತು ಅಂದ ಮಾತ್ರಕ್ಕೆ ಪದ ಪರದೇಶಿ ಆಗುವುದಿಲ್ಲ. ಬೆಂಗಳೂರಿನಲ್ಲಿ ಕೂತು ಬ್ರಶ್, ಪೇಸ್ಟ್, ಡಾಕ್ಟರು ಎಲ್ಲವನ್ನೂ ಒಪ್ಪಿಕೊಂಡು ನಮ್ಮ ಕಾಸರಗೋಡಿನ ಚಂದ್ರಗಿರಿ ಹೊಳೆಯ ನೀರಿಗೆ ಮಾತ್ರ ಮಡಿ ಮಾಡುವುದು ಎಂತ ನ್ಯಾಯ?

ಕುಂಬಳೆಯಿಂದ:

ಲವಂಗ ಸಂಸ್ಕೃತ. ಅದನ್ನು ಯಾರೂ ತಡೆಯಲಿಲ್ಲ. ಗಮನಿಸಿದ್ದೇನೆ.

ನೀರ್ಚಾಲಿನಿಂದ:

ಪ್ರೆಸ್ಸಿನವರು ಫೋನು ಮಾಡಿಯಾಯಿತು. ಹೀಗೆ ಕೊಡುತ್ತಿದ್ದೇನೆ:

"ತಂಪು, ಬಿಸಿ, ಸಿಹಿ ತಾಗಿದಾಗ ಹಲ್ಲು ಜುಂ ಎಂದು ಕೂಡಲೇ ನಿಂತರೆ: ಮೆದು ಬ್ರಶ್ ಬಳಸಿ, ಉಮಿಕರಿ ಬಿಡಿ. ನೋವು ನಿಲ್ಲದೆ ರಾತ್ರಿ ಎಬ್ಬಿಸಿದರೆ: ಹಲ್ಲಿನ ಡಾಕ್ಟರಿಗೆ ತೋರಿಸಿ. ಹಲ್ಲು ಕಿತ್ತುಬಂದರೆ: ಬಿಳಿ ಭಾಗ ಹಿಡಿಯಿರಿ, ಬೇರು ಮುಟ್ಟಬೇಡಿ."

ವಸಡು ಎಲ್ಲ ಕಡೆ ವಸಡೇ. ಕಿರೀಟ ತೆಗೆದೆ. ಯಕ್ಷಗಾನ ಕವಿ ಪಾರ್ತಿಸುಬ್ಬನ ಊರಿನ ಮಾಷ್ಟ್ರು ಕ್ಷಮಿಸಬೇಕು, ಕಿರೀಟ ವೇಷಕ್ಕೇ ಇರಲಿ. ಅಕ್ಕಲಕೋಟದವರ "ಚಳಿತು" ನನಗೆ ಬಹಳ ಇಷ್ಟವಾಯಿತು, ಆದರೆ ಇಲ್ಲಿ ಚಳಿ ಅಂದರೆ ಕಂಬಳಿ ಹೊದೆಯುವ ಚಳಿಯೇ ಮೊದಲು ನೆನಪಾಗುವುದು. ಹುಳ ಇಲ್ಲ ಅನ್ನುವ ಸಾಲಿಗೆ ಚೌಕ ಹಾಕಿಸುತ್ತೇನೆ.

ಅಕ್ಕಲಕೋಟದಿಂದ:

ಇರಲಿ ಬಿಡ್ರಿ ಅಕ್ಕಾರ. ನಮ್ಮ ಕಡೀಗೆ ಇಂಥಾದ್ದು ಮಾಡೂ ಮುಂದ ಚಳಿತಾವ ಅಂತs ಹಾಕ್ತೀನಿ. ಅಂದಂಗ ವಸಡಿಗೆ ಇಲ್ಲಿ ಮಂದಿ ಮರಾಠಿ ಹಿರಡಿ ಅಂತಾರ. ಅದನ್ನ ಬಿಡಿಸಬೇಕೋ, ಹಂಗs ಇಟ್ಕೋಬೇಕೋ?

ಉಪ್ಪಳದಿಂದ:

ಬಿಡಿಸಬೇಕು.

ಪೆರ್ಲದಿಂದ:

ಬೇರೆ ಚರ್ಚೆಯ ಎಳೆ ತೆರೆಯಿರಿ. ಇಲ್ಲಿ ಇವರು ಮತ್ತೆ ಸುರು ಮಾಡುತ್ತಾರೆ.