ಬೇವಿನ ನೆರಳಿನ ಒಣ ಜಾಗಕ್ಕೆ ಯಾವ ಬಳ್ಳಿ ಹಾಕಲಿ?

ಪ್ರಶ್ನೆ:
ನಮ್ಮ ಮನೆ ಚಿತ್ರದುರ್ಗದಲ್ಲಿ. ಹಿತ್ತಲ ಕಾಂಪೌಂಡ್ ಗೋಡೆ ಆರು ಅಡಿ ಎತ್ತರ, ಪಕ್ಕದಲ್ಲೇ ಹಳೇ ಬೇವಿನ ಮರ. ಬೆಳಿಗ್ಗೆ ಒಂದು ಗಂಟೆ ಬಿಸಿಲು ಬಿದ್ದರೆ ಅದೇ ಜಾಸ್ತಿ. ಇದ್ದ ತೇವವನ್ನೆಲ್ಲ ಬೇವಿನ ಬೇರು ಹೀರಿಬಿಡುತ್ತದೆ. ಹೋದ ವರ್ಷ ಮಲ್ಲಿಗೆ ಹಾಕಿದೆ. ಅಮ್ಮ ದಿನಾ ಅಕ್ಕಿ ತೊಳೆದ ನೀರು ಹಾಕಿದರು, ಆದರೂ ಸೊರಗಿ ಹೋಯಿತು. ಅವರಿಗೆ ತುಂಬಾ ಬೇಜಾರಾಯಿತು. ಆ ಬೋಳು ಗೋಡೆ ಬೇಗ ಹಸಿರಾಗಬೇಕು. ಏನು ಹಾಕಲಿ?

ಉತ್ತರ 1:
ಅಮೃತಬಳ್ಳಿ ಹಾಕಿ. ನಮ್ಮ ಹಿತ್ತಲಲ್ಲೂ ಇಂಥದ್ದೇ ಜಾಗ, ಒಂದೇ ಮಳೆಗಾಲದಲ್ಲಿ ಗೋಡೆ ಮುಚ್ಚಿತು. ಬಲಿತ ಕಡ್ಡಿ, ಒಂದು ಗೇಣು ಉದ್ದ ಸಾಕು. ಮುಂಗಾರು ಶುರುವಾದಾಗ ಎರಡು ಗೆಣ್ಣು ಮಣ್ಣೊಳಗೆ ಹೋಗುವಂತೆ ನೆಡಿ. ಬೇವಿನ ಬುಡಕ್ಕೆ ಅಂಟಿಸಬೇಡಿ, ಮೂರು ಅಡಿಯಾದರೂ ದೂರ ಇರಲಿ. ಗುಂಡಿಗೆ ಎರಡು ಬುಟ್ಟಿ ಕೊಟ್ಟಿಗೆ ಗೊಬ್ಬರ ಹಾಕಿ, ಮೇಲೆ ಒಣ ಎಲೆ ಹೊದಿಸಿ. ಇದು ಸುತ್ತಿಕೊಂಡು ಹತ್ತುವ ಬಳ್ಳಿ, ಬರೀ ಗೋಡೆ ಹಿಡಿಯುವುದಿಲ್ಲ. ತಂತಿ ಕಟ್ಟಲೇಬೇಕು. ಬೇಸಿಗೆಯಲ್ಲಿ ಎಲೆ ಉದುರಿದರೆ ಸತ್ತಿತು ಅಂತ ಕಿತ್ತುಬಿಡಬೇಡಿ! ಮಳೆ ಬಿದ್ದರೆ ಮತ್ತೆ ಚಿಗುರುತ್ತದೆ.

ಉತ್ತರ 2:
ದಾವಣಗೆರೆಯಿಂದ ಬರೆಯುತ್ತಿದ್ದೇನೆ. ಶಂಖಪುಷ್ಪ ಬೇಡ, ಬಿಸಿಲಿಲ್ಲದಿದ್ದರೆ ಹೂ ಕಡಿಮೆ. ಮನಿಪ್ಲಾಂಟ್ ನೆರಳಿಗೆ ಚೆನ್ನ, ಆದರೆ ನಮ್ಮ ಕಡೆ ಬೇಸಿಗೆಯಲ್ಲಿ ನೀರು ಕೊಡುತ್ತಲೇ ಇರಬೇಕು. ಎಲೆ ಅಗಿದರೆ ಬಾಯಿ ಉರಿಯುತ್ತದೆ, ಮಕ್ಕಳಿದ್ದರೆ ಹುಷಾರು.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದ. ಪಕ್ಕದ ಮನೆ ಅಜ್ಜಿಯ ಹತ್ತಿರ ಅಮೃತಬಳ್ಳಿ ಇದೆ, ನಾಲ್ಕು ಕಡ್ಡಿ ಕೇಳಿದ್ದೇನೆ. ಭಾನುವಾರ ತಂತಿ ಕಟ್ಟುತ್ತೇನೆ.