‘ಕುಶಾಲು’ ಅಂದ್ರೆ ತಮಾಷೆನಾ? ದಸರೆಯ ಕುಶಾಲತೋಪಿಗೂ ಇದಕ್ಕೂ ನಂಟಿದೆಯಾ?

ಮೈಸೂರಿನವಳು:
ಮದುವೆಯಾಗಿ ಪುತ್ತೂರಿಗೆ ಬಂದಿದ್ದೇನೆ. ಮೊನ್ನೆ ಊಟಕ್ಕೆ ಕೂತಾಗ ಮೈದುನ, “ಅತ್ತಿಗೆಯ ಸಾರಿನಲ್ಲಿ ತೆಂಗಿನಕಾಯಿ ಹುಡುಕಬೇಕು” ಅಂದರು. ನನ್ನ ಮುಖ ನೋಡಿ ಅತ್ತೆ, “ಬೇಜಾರು ಮಾಡ್ಬೇಡ ಮಾರಾಯ್ತಿ, ಅವ ಕುಶಾಲಿಗೆ ಹೇಳಿದ್ದು” ಅಂದರು. ನಮ್ಮೂರಲ್ಲಿ ನಾನು ಕೇಳಿದ್ದು ಕುಶಾಲತೋಪು ಮಾತ್ರ. ಎರಡೂ ಒಂದೇ ಪದವೇ? ದೊಡ್ಡವರ ಹತ್ತಿರ ಬಳಸಬಹುದಾ?

ಪುತ್ತೂರಿನ ನಿವೃತ್ತ ಮೇಷ್ಟ್ರು:
ಎರಡೂ ಒಂದೇ ಬೇರಿನವು ತಂಗಿ. ಮೂಲ ‘ಖುಷ್‌ಹಾಲ್’. ಖುಷ್ ಅಂದ್ರೆ ಹಿತವಾದದ್ದು, ಹಾಲ್ ಅಂದ್ರೆ ಸ್ಥಿತಿ. ಪಾರಸಿಯಿಂದ ಬಂದ ಮಾತು, ನಮ್ಮ ‘ಖುಷಿ’ಯೂ ಅದೇ ಮನೆಯದು. ಜಂಬೂ ಸವಾರಿಯ ದಿನ ಚಾಮುಂಡೇಶ್ವರಿಗೆ ಪುಷ್ಪಾರ್ಚನೆ ಆಗುವಾಗ 21 ಸಲ ಹಾರಿಸುತ್ತಾರಲ್ಲ, ಅದು ಸಂತೋಷದ ತೋಪು. ಅಲ್ಲಿ ಹಳೇ ಅರ್ಥ ಹಾಗೇ ಉಳಿದಿದೆ. ನಮ್ಮ ಕಡೆ ಸಂತೋಷ ಹೋಗಿ ನಗೆಮಾತಾಯಿತು. ತುಳುವಿನಲ್ಲೂ ‘ಕುಸಾಲ್’ ಅಂತಾರೆ. ‘ಕುಶಲವೇ?’ ಅಂತ ಕೇಳ್ತೇವಲ್ಲ, ಅದು ಮಾತ್ರ ಸಂಸ್ಕೃತದ್ದು, ಬೇರೆ.

ದೊಡ್ಡವರ ಹತ್ತಿರ ಧಾರಾಳ ಬಳಸಿ, ಕೆಟ್ಟ ಮಾತಲ್ಲ. “ಅವರು ಭಾರೀ ಕುಶಾಲಿನ ಜನ” ಅಂದರೆ ಹೊಗಳಿಕೆ. ಆದರೆ ನನಗೆ ಒಂದು ವಿಷಯ ಮುಖ್ಯ. ಯಾರ ಬಗ್ಗೆ ಹೇಳಿದೆವೋ ಅವರಿಗೂ ನಗು ಬಂದರೆ ಮಾತ್ರ ಅದು ಕುಶಾಲು. ಇಲ್ಲದಿದ್ದರೆ ಗೇಲಿ. ಶಾಲೆಯಲ್ಲಿ ಒಬ್ಬನ ತೊದಲನ್ನು ಅಣಕಿಸಿ, ಆಮೇಲೆ “ಕುಶಾಲಿಗೆ ಸರ್” ಅನ್ನುವ ಮಕ್ಕಳನ್ನು ನಾನು ಸುಮ್ನೆ ಬಿಡುತ್ತಿರಲಿಲ್ಲ. ನೋಯಿಸಿದ ಮೇಲೆ ಆ ಪದ ಅಂಟಿಸಿದರೆ ನೋವು ಹೋಗುತ್ತದಾ?

ಧಾರವಾಡದಿಂದ:
ನಮ್ಮಲ್ಲಿ ಇದಕ್ಕೆ ‘ಚ್ಯಾಷ್ಟಿ’. “ಚ್ಯಾಷ್ಟಿ ಮಾಡಬ್ಯಾಡೋ” ಅಂದ್ರೆ ತಮಾಷೆ ಸಾಕು ಅಂತ. ಮೂಲ ಚೇಷ್ಟೆಯೇ. ಮೈಸೂರು ಕಡೆ ಅದು ತುಂಟ ಹುಡುಗರಿಗೂ ಕಪಿಗೂ ಹೇಳುವ ಮಾತು, ಅಲ್ವಾ? ಇನ್ನು ‘ತಮಾಷೆ’ಯೂ ಊರು ಬಿಟ್ಟರೆ ಬದಲಾಗ್ತದೆ. ಮರಾಠಿಯಲ್ಲಿ ‘ತಮಾಶಾ’ ಅಂದ್ರೆ ಲಾವಣಿ, ಢೋಲಕಿ ಇರುವ ಜನಪದ ರಂಗಕಲೆ. ಹಿಂದಿಯವರು “ತಮಾಶಾ ಮತ್ ಕರೋ” ಅಂದರೆ ಜೋಕ್ ಹೊಡೀಬೇಡ ಅಂತಲ್ಲ, ನಾಲ್ಕು ಜನರ ಮುಂದೆ ರಂಪ ಮಾಡಬೇಡ ಅಂತ. ಪುಣೆಯಲ್ಲಿ ಕೆಲಸ ಮಾಡುವ ನಮ್ಮ ಹುಡುಗರಿಗೆ ಇದನ್ನು ಮೊದಲೇ ಹೇಳಿ ಕಳಿಸ್ತೀನಿ.

ಮೈಸೂರಿನವಳು:
ಮೇಷ್ಟ್ರೇ, ತುಂಬಾ ಉಪಕಾರವಾಯಿತು. ಮೈದುನ ಒಳ್ಳೆಯವರೇ, ಹೇಳಿದ್ದೂ ಪ್ರೀತಿಯಿಂದಲೇ. ಆದರೂ ದಿನಾ ಸಾರಿನ ಮಾತೇ ಬಂದರೆ ಬೇಜಾರಾಗುತ್ತದೆ. ಏನಂತ ಹೇಳಲಿ?

ಪುತ್ತೂರಿನ ನಿವೃತ್ತ ಮೇಷ್ಟ್ರು:
“ಕುಶಾಲು ಸಾಕು ಭಾವ, ಇದು ನನಗೆ ಬೇಜಾರಾಗ್ತದೆ” ಅಂತ ನೇರ ಹೇಳಿ. ನಮ್ಮ ಕಡೆ ಹಾಗೆ ಹೇಳಿದರೆ ಯಾರೂ ತಪ್ಪು ತಿಳಿಯುವುದಿಲ್ಲ.